ಹಡಗಿನ ಏಣಿ ಕಾಯುತ್ತಿದ್ದ ಚಾಚಾ

ಬಟ್ಟೆ ಒಣಹಾಕಲು ಹಗ್ಗ ಬೇಕಿತ್ತು. ಹೋದ ತಿಂಗಳು ಚಿಕ್ಕಬಳ್ಳಾಪುರದ ಬಜಾರು ರಸ್ತೆಯ ಕಬ್ಬಿಣದ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಒಳಗಿನಿಂದ ಹಳೆಯ ಸುರುಳಿಯೊಂದನ್ನು ತಂದು ಹಾಕಿದ, ಆಮೇಲೆ ತಾನೇ ಮೂಸಿ ನೋಡಿ, "ಇದು ಬೇಡಮ್ಮ, ಡಾಂಬರು ಹಚ್ಚಿರೋದು, ಬಟ್ಟೆಗೆ ಕರೆ ಹತ್ತತ್ತೆ" ಎಂದು ಹಿಂದಕ್ಕೆ ತೆಗೆದುಕೊಂಡ. ಅಷ್ಟು ಹೊತ್ತಿಗೆ ಆ ವಾಸನೆ ನನ್ನ ಮೂಗಿಗೆ ಬಡಿದಾಗಿತ್ತು. ನಾನು ಹಗ್ಗ ತೆಗೆದುಕೊಳ್ಳದೆ ಬಂದೆ...

ಅದು ನಮ್ಮ ಎದುರು ಮನೆಯ ಚಾಚಾ ಅವರ ಅಂಗಳದ ವಾಸನೆ. ಶಿಡ್ಲಘಟ್ಟದ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ವಾಸನೆ, ರೇಷ್ಮೆಗೂಡು ಬೇಯುವ ವಾಸನೆ. ಹೊಸಬರಿಗೆ ಅದು ಹೊಟ್ಟೆ ತೊಳಸುತ್ತದೆ, ಅಲ್ಲೇ ಇರುವವರಿಗೆ ಗೊತ್ತೇ ಆಗುವುದಿಲ್ಲ. ಅದರ ನಡುವೆ ಚಾಚಾ ಅವರ ಅಂಗಳ ಮಾತ್ರ ಡಾಂಬರು ಹಚ್ಚಿದ ಹಗ್ಗದ ವಾಸನೆ ಹೊಡೆಯುತ್ತಿತ್ತು. ಕೆರೆಗಿಂತ ದೊಡ್ಡ ನೀರು ಕಾಣದ ನಮಗೆ ಸಮುದ್ರದ ವಾಸನೆ ಎಂದರೆ ಅದೇ ಆಗಿತ್ತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಟೀಚರಾಗಿದ್ದೆ. ಅಪ್ಪ ತೀರಿಕೊಂಡ ಮೇಲೆ ಹಳ್ಳಿಯ ಹೊಲವನ್ನು ಅರ್ಧ ಬೆಳೆಯ ವಾರಕ್ಕೆ ಕೊಟ್ಟು ಅಮ್ಮ, ತಮ್ಮ, ನಾನು ಪೇಟೆಗೆ ಬಂದು ಬಾಡಿಗೆ ಮನೆ ಹಿಡಿದಿದ್ದೆವು. ಎದುರು ಮನೆಯಲ್ಲಿ ಚಾಚಾ ಅವರ ಅಣ್ಣ ಚರಕಗಳನ್ನಿಟ್ಟು ರೇಷ್ಮೆ ನೂಲು ತೆಗೆಸುತ್ತಿದ್ದರು. ಚಾಚಾಗೆ ಮಾತ್ರ ಆ ಕಸುಬು ಹತ್ತಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಮದ್ರಾಸಿಗೆ ಓಡಿಹೋಗಿ ಹಡಗಿನ ಕೆಲಸದಾಳಾಗಿ, ಅಂದರೆ ಖಲಾಸಿಯಾಗಿ ಸೇರಿದವರು, ಬರಬರುತ್ತ ಸುಖಾನಿ ಆದರು. ಸುಖಾನಿ ಎಂದರೆ ಕಡಲಿನಲ್ಲಿ ಚುಕ್ಕಾಣಿ ಹಿಡಿಯುವವನು. ಹಡಗು ಬಂದರಿಗೆ ಬಂದು ನಿಂತಿತೆಂದರೆ ಅವನೇ ಏಣಿಯ ಬಾಯಲ್ಲಿ ನಿಂತು ಹತ್ತುವವರನ್ನೂ ಇಳಿಯುವವರನ್ನೂ ಕಾಯುವವನು. ಒಂದು ದಿನ ಹಡಗು ಕಟ್ಟುವ ಹಗ್ಗ ಕಿತ್ತುಬಂದು ಚಾಚಾ ಅವರ ಮೊಣಕಾಲಿಗೆ ಬಡಿಯಿತು. ಅಲ್ಲಿಗೆ ಹಡಗಿನ ಋಣ ಮುಗಿಯಿತು. ಕುಂಟುತ್ತ ಊರಿಗೆ ಬಂದರು. ಮದುವೆ ಆಗಲಿಲ್ಲ.

ಸುಮ್ಮನೆ ಕೂರುವ ಜೀವವಲ್ಲ ಅದು. ಮದ್ರಾಸಿನಲ್ಲಿ ಹಡಗುಗಳಿಗೆ ಆಳು ಒದಗಿಸುವ ಏಜೆಂಟರೊಬ್ಬರು ಚಾಚಾ ಅವರನ್ನು ಚೆನ್ನಾಗಿ ಬಲ್ಲವರು. ಚಾಚಾ ಕಳಿಸಿದ ಆಳು ಎಂದರೆ ಎರಡನೇ ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದರು. ಹಾಗಾಗಿ ಚಿಂತಾಮಣಿಯಿಂದ, ಮುರುಗಮಲ್ಲದಿಂದ, ಅಂಬಾಜಿದುರ್ಗದ ಕೆಳಗಿನ ಹಳ್ಳಿಗಳಿಂದ ಗಂಡಾಳುಗಳು ಬಂದು ಚಾಚಾ ಅವರ ಅಂಗಳದಲ್ಲಿ ಕೆಲಸ ಕಲಿಯುತ್ತಿದ್ದರು. ಗಂಟು ಹಾಕುವುದು, ಹಗ್ಗ ಸುತ್ತುವುದು ಎಲ್ಲ ಇತ್ತು. ಆದರೆ ಅವರ ಮುಖ್ಯ ಪಾಠ ಕಾವಲಿನದು. ಅಂಗಳದಿಂದ ಅಟ್ಟಕ್ಕೆ ಉದ್ದನೆಯ ಹಲಗೆಯೊಂದನ್ನು ಒರಗಿಸಿದ್ದರು. ಅಟ್ಟ ಹಡಗು, ಅಂಗಳ ಬಂದರು, ಹಲಗೆ ಏಣಿ. ಒಬ್ಬ ಏಣಿ ಕಾಯಬೇಕು, ಉಳಿದವರು ಬಗೆಬಗೆಯ ವೇಷದಲ್ಲಿ ಬಂದು ಹತ್ತಲು ನೋಡಬೇಕು. ಡಾಕ್ಟರು, ಪೊಲೀಸು, ತರಕಾರಿಯವನು, ಖಲಾಸಿಯ ಭಾವ... ಯಾರೇ ಬಂದರೂ ಹೆಸರು ಕೇಳು, ಯಾರನ್ನು ನೋಡಬೇಕು ಕೇಳು, ಪಾಸು ನೋಡು, ತಂದ ಗಂಟುಮೂಟೆ ಬಿಚ್ಚಿಸು, ಮೇಲಿನವರಿಗೆ ಹೇಳಿ ಕಳಿಸು, ಆಮೇಲೆ ದಾರಿ ಬಿಡು. ಹಡಗು ಹೊರಡುವ ಮುಂಚೆ ಕಳ್ಳತನದಲ್ಲಿ ಹತ್ತಿ ಅಡಗಿದವರನ್ನು ಹುಡುಕುವ ಪಾಠವೂ ಇತ್ತು. ಅಣ್ಣನ ಗೂಡಿನ ಚೀಲಗಳ ಹಿಂದೆ ಒಬ್ಬನನ್ನು ಅವಿತಿಟ್ಟು ಉಳಿದವರಿಗೆ ಹುಡುಕಲು ಹೇಳುವರು. ನೂಲು ತೆಗೆಯುವ ಹೆಂಗಸರು ಚರಕ ಬಿಟ್ಟು ನಗುವರು, ಅಣ್ಣ ಬೈಯುವರು.

ನನ್ನ ತಮ್ಮ ಮೆಟ್ರಿಕ್ಯುಲೇಷನ್ನಿನಲ್ಲಿ ಎರಡು ಸಲ ಕೂತು ಫೇಲಾಗಿ ಎದ್ದವನು. ಇಪ್ಪತ್ತು ತುಂಬಿತ್ತು. ಅವನೂ ಆ ಗುಂಪಿಗೆ ಸೇರಿದ. ಒಂದು ಭಾನುವಾರ ಚಾಚಾ ನನ್ನನ್ನೂ ಕರೆದರು. "ಟೀಚರಮ್ಮ, ಇವತ್ತು ನೀವು ಕ್ಯಾಪ್ಟನ್ ಮನೆಯೋರು. ಹತ್ತಿ ಹೋಗಿ" ಎಂದು ನನ್ನ ಕೈಗೊಂದು ಚೀಲ ಕೊಟ್ಟರು. ಏಣಿಯ ಬಾಯಲ್ಲಿ ತಮ್ಮ ನಿಂತಿದ್ದ. ನನ್ನನ್ನು ನೋಡಿ ನಕ್ಕು ಪಕ್ಕಕ್ಕೆ ಸರಿದ. ನಾನು ಸೀರೆ ಎತ್ತಿ ಹಿಡಿದು ಹಲಗೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟಿರಬೇಕು...

"ಯಾಕೆ ಬಿಟ್ಟೆ?" ಚಾಚಾ ಕೇಳಿದರು.

"ಅಕ್ಕ ಅಲ್ವಾ ಚಾಚಾ."

"ಅಕ್ಕನ ಚೀಲದಲ್ಲಿ ಏನಿದೆ?"

ಚೀಲದಲ್ಲಿ ಚಾಚಾನೇ ಇಟ್ಟಿದ್ದ ಬೆಂಕಿಪೊಟ್ಟಣವಿತ್ತು. ಅದನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ಹತ್ತಿ ತುಂಬಿರೋ ಹಡಗಿಗೆ ಬೆಂಕಿ ಹತ್ಕೊಂಡು ಹೋಯ್ತು. ಯಾರ ಕೈಲಿ? ಅಕ್ಕನ ಕೈಲಿ. ಗುರುತಿಲ್ದೋರ್ನ ಎಲ್ರೂ ಕೇಳ್ತಾರೆ ಬೇಟಾ. ಗುರುತಿರೋ ಮುಖಾನೇ ಮೊದ್ಲು ಕೇಳ್ಬೇಕು."

ಆ ದಿನ ಎಲ್ಲರೂ ಹೋದ ಮೇಲೆ ಚಾಚಾ ಜಗಲಿಯ ಮೇಲೆ ಕೂತು ನನಗೂ ತಮ್ಮನಿಗೂ ಒಂದು ಮಾತು ಹೇಳಿದರು. ಅವರ ಜೊತೆಗಾರನೊಬ್ಬ ಇದ್ದನಂತೆ, ಒಂದೇ ತಟ್ಟೆಯಲ್ಲಿ ಉಂಡವನು. ಹತ್ತಿ ಹೇರಿದ್ದ ಹಡಗಿಗೆ ಯಾರೋ ಗುರುತಿನವರು ಬೀಡಿ ಸೇದುತ್ತ ಬಂದರು, ಕಾವಲಿನವನು ಮುಖ ನೋಡಿ ಬಿಟ್ಟ. ಬೆಂಕಿ ಬಿದ್ದಾಗ ಆ ಜೊತೆಗಾರ ಕೆಳಗಿನ ಉಗ್ರಾಣದಲ್ಲಿದ್ದ. "ಮೇಲೆ ಬರಲೇ ಇಲ್ಲ" ಎಂದರು ಚಾಚಾ. ಇನ್ನೊಂದು ಸಲ ಅದರ ಸುದ್ದಿ ಎತ್ತಲಿಲ್ಲ.

ತಮ್ಮ ತರಬೇತಿ ಹಡಗಿಗೆ ಹೋಗಿ ಬಂದ. ಆಮೇಲೆ ಏಜೆಂಟರ ಮೂಲಕವೇ ಸರಕಿನ ಹಡಗೊಂದರಲ್ಲಿ ಖಲಾಸಿಯಾದ. ಮದ್ರಾಸು, ಕಲ್ಕತ್ತ, ಬೊಂಬಾಯಿ ಎಂದು ಕರಾವಳಿ ಸುತ್ತುವ ಹಡಗು. ರಜೆಗೆ ಬಂದಾಗ ಮೊದಲು ಎದುರು ಮನೆಗೆ ಹೋಗಿ ಆಮೇಲೆ ನಮ್ಮ ಮನೆಗೆ ಬರುತ್ತಿದ್ದ. ಅಮ್ಮನಿಗೆ ಅದೊಂದು ಮುನಿಸು.

ಹೀಗೆ ಎರಡು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದುಬಿಟ್ಟ. ಚಿಕ್ಕ ರೈಲಿನಿಂದ ಇಳಿದು ಸ್ಟೇಷನ್ನಿನಿಂದ ನಡೆದೇ ಬಂದಿದ್ದ. ಮುಖ ನೋಡಿಯೇ ಅಮ್ಮ, "ಏಮೈಂದಪ್ಪಾ?" ಎಂದಳು. ಗಾಬರಿಯಾದರೆ ಅಮ್ಮನ ಬಾಯಲ್ಲಿ ಏನಾಯಿತು ಎನ್ನುವುದೂ ತೆಲುಗಿನಲ್ಲೇ ಬರುತ್ತಿತ್ತು.

ನಡೆದದ್ದು ಇಷ್ಟು. ಮದ್ರಾಸು ಬಂದರಿನಲ್ಲಿ ಹಡಗಿಗೆ ಹತ್ತಿ ತುಂಬಿಸಿದ್ದರು. ಸಂಜೆಯ ಹೊತ್ತು ಏಣಿ ಕಾವಲು ತಮ್ಮನ ಪಾಳಿ. ಏಜೆಂಟರ ಬಾಮೈದ ಇಬ್ಬರು ಕೂಲಿಗಳ ತಲೆಯ ಮೇಲೆ ಮರದ ಪೆಟ್ಟಿಗೆಗಳನ್ನು ಹೊರಿಸಿಕೊಂಡು ಬಂದ. ತಮ್ಮ ಪಾಸು ಕೇಳಿದ, ಬಾಮೈದ ಇಲ್ಲ ಎಂದ. ಪೆಟ್ಟಿಗೆ ತೆಗೆದು ತೋರಿಸಿ ಎಂದು ತಮ್ಮ ಹೇಳಿದ. ನಾನು ಯಾರು ಗೊತ್ತೇನೋ ಎಂದು ಬಾಮೈದ ತಮ್ಮನ ಎದೆಗೆ ಕೈಯಿಟ್ಟು ತಳ್ಳಿದ. ಮೇಲಿನ ಅಧಿಕಾರಿಯನ್ನು ಕರೆಯಲು ತಮ್ಮ ಸೀಟಿ ಊದಿದ, ಅಧಿಕಾರಿ ದಡಕ್ಕೆ ಇಳಿದು ಹೋಗಿದ್ದ, ಯಾರೂ ಬರಲಿಲ್ಲ. ಆಗ ತಮ್ಮ ಸರಸರನೆ ಮೇಲೆ ಹತ್ತಿ ಜೊತೆಯ ಖಲಾಸಿಯನ್ನು ಕೂಗಿದ, ಇಬ್ಬರೂ ಸೇರಿ ಏಣಿಯನ್ನೇ ಮೇಲಕ್ಕೆ ಎಳೆದುಕೊಂಡುಬಿಟ್ಟರು. ಬಾಮೈದ ಕೂಲಿಗಳ ಎದುರಿಗೆ, ಬಂದರಿನ ಜನದ ಎದುರಿಗೆ, ಕೆಳಗೆ ನಿಂತು ಕತ್ತೆತ್ತಿ ಬೈದು ಹೋದ.

ಹಡಗಿನವರೆಲ್ಲರ ಮುಂದೆ ಇವನು ಬಾಮೈದನ ಕ್ಷಮೆ ಕೇಳಬೇಕು, ಇಲ್ಲವಾದರೆ ಹಡಗಿನಿಂದ ತೆಗೆಯಬೇಕು ಎಂದು ಏಜೆಂಟರು ಪಟ್ಟು ಹಿಡಿದರು. ಹಡಗು ರಿಪೇರಿಗೆ ನಿಲ್ಲುವುದಿತ್ತು. ಅದು ಮುಗಿಯುವಷ್ಟರಲ್ಲಿ ಯೋಚನೆ ಮಾಡಿಕೊಂಡು ಬಾ ಎಂದು ಕ್ಯಾಪ್ಟನ್ ಊರಿಗೆ ಕಳಿಸಿದ್ದರು.

ಅಮ್ಮ ಅತ್ತಳು. "ತಪ್ಪಾಯ್ತು ಅನ್ನೋಕೆ ನಾಲಿಗೆ ಏನು ಸವೆದು ಹೋಗತ್ತಾ? ದೊಡ್ಡೋರ ಹತ್ರ ನಿಷ್ಠೂರ ಯಾಕಪ್ಪ ನಮಗೆ?" ಎಂದಳು. ತಮ್ಮ ಎದ್ದು ಎದುರು ಮನೆಗೆ ಹೋದ. ನಾನೂ ಹಿಂದೆಯೇ ಹೋದೆ. ಚಾಚಾ ಎಲ್ಲ ಕೇಳಿಸಿಕೊಂಡು, "ಏಣಿ ಎಳೆಯೋವಾಗ ಕೆಳಗೆ ಯಾರ ಕೈಯೂ ಸಿಕ್ಕಿಹಾಕ್ಕೊಳ್ಲಿಲ್ವಲ್ಲ?" ಎಂದು ಕೇಳಿದರು. ಇಲ್ಲ ಎಂದ. "ಹಾಗಾದ್ರೆ ಸರಿಯಾಗಿದೆ" ಎಂದು ಒಳಗೆ ಹೋಗಿ ಅವನಿಗೆ ಚಹಾ ತಂದುಕೊಟ್ಟರು.

ಒಂದು ವಾರಕ್ಕೆ ಏಜೆಂಟರ ಮ್ಯಾನೇಜರು ಬಾಡಿಗೆ ಕಾರಿನಲ್ಲಿ ಬಂದಿಳಿದರು. ಬಂದದ್ದು ನಮ್ಮ ಮನೆಗಲ್ಲ, ಚಾಚಾ ಅವರ ಮನೆಗೆ. ಅವರು ಇಂಗ್ಲಿಷು ಬಿಟ್ಟು ಬೇರೆ ಮಾತಾಡರು, ಮಾತು ಮುಟ್ಟಿಸಲು ಚಾಚಾ ನನ್ನನ್ನು ಕರೆಸಿದರು. ಮ್ಯಾನೇಜರು ನಯವಾಗಿಯೇ ಶುರು ಮಾಡಿದರು. ಹುಡುಗನಿಗೆ ಬುದ್ಧಿ ಹೇಳಿ, ನಿಮ್ಮ ಮಾತು ಮೀರುವುದಿಲ್ಲ, ಒಂದು ನಿಮಿಷದ ಕೆಲಸ ಎಂದರು. ಚಾಚಾ ಹೇಳಿದರು, "ಏಣಿ ಕಾಯೋಕೆ ಅಂತ ಕಳಿಸ್ದೆ. ಕಾಯ್ದ. ಇದ್ರಲ್ಲಿ ಮಾಫಿ ಎಲ್ಲಿಂದ ಬಂತು, ಕೇಳಮ್ಮ ಅವರನ್ನ." ನಾನು ಕೇಳಿದೆ. ಮ್ಯಾನೇಜರ ನಯ ಹೋಯಿತು. ಇನ್ನು ಮುಂದೆ ನಿಮ್ಮ ಕಡೆಯ ಒಬ್ಬ ಆಳಿಗೂ ನಮ್ಮಲ್ಲಿ ಬಾಗಿಲು ತೆರೆಯುವುದಿಲ್ಲ ಎಂದರು.

ನಾನು ಅದನ್ನು ಹೇಳಿದಾಗ ಚಾಚಾ ನಕ್ಕರು. "ಮುಚ್ಚಲಿ. ಬಾಗಿಲು ಮುಚ್ಚೋದು ಈಗ್ಲಾದ್ರೂ ಕಲಿತ್ರಲ್ಲ, ಸಂತೋಷ ಅಂತ ಹೇಳು."

ನಾನು ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ. ಇವತ್ತಿಗೂ ಅದು ನೆನಪಾದರೆ ನನಗೆ ಬೆನ್ನು ನೆಟ್ಟಗಾಗುತ್ತದೆ.

ಆದರೆ ಆ ಬಾಗಿಲಿನ ಹೊರಗೆ ಬೇರೆಯವರೂ ನಿಂತಿದ್ದರು. ಚಾಚಾ ಅವರ ಮಾತಿನ ಮೇಲೆ ಹಡಗು ಹತ್ತಲು ಕಾದಿದ್ದವರು. ಸುದ್ದಿ ಹಬ್ಬಿದ್ದೇ ಅವರ ಅಪ್ಪಂದಿರು ಅಂಗಳಕ್ಕೆ ಬಂದರು. ಮುರುಗಮಲ್ಲದಿಂದ ಬಂದಿದ್ದವರೊಬ್ಬರು, ಮಗನನ್ನು ಹಡಗಿಗೆ ಸೇರಿಸಲು ದರ್ಗಾದಲ್ಲಿ ಹರಕೆ ಹೊತ್ತವರು, ಎಲ್ಲರಿಗಿಂತ ಮುಂದೆ ನಿಂತು ಕೇಳಿದರು. "ಒಬ್ಬನ ಹಠಕ್ಕೆ ಎಲ್ಲರ ಮಕ್ಕಳ ಅನ್ನಕ್ಕೆ ಕಲ್ಲು ಹಾಕ್ತೀರಾ ಭಾಯಿ?"

ಚಾಚಾ ಹೇಳಿದರು, "ನಾಳೆ ನಿಮ್ಮ ಮಗ ಆ ಹಡಗಿನ ಹೊಟ್ಟೇಲಿ ಮಲಗಿರ್ತಾನೆ. ಏಣಿ ಹತ್ರ ನಿಂತೋನು ಬಂದೋರ್ನ ಕೇಳ್ಬೇಕಾ, ಕೈಮುಗಿದು ಬಿಡ್ಬೇಕಾ? ನೀವೇ ಹೇಳಿ."

"ಕೇಳ್ಬೇಕು, ಯಾರು ಇಲ್ಲ ಅಂದ್ರು? ಆದ್ರೆ ಮಲಗೋಕೆ ಮೊದ್ಲು ಅವನು ಹಡಗು ಹತ್ಬೇಕಲ್ಲ."

ಚಾಚಾ ಕೈಯಲ್ಲಿದ್ದ ಹಗ್ಗವನ್ನು ಬಿಚ್ಚಿ ಮತ್ತೆ ಸುತ್ತತೊಡಗಿದರು. ಅವರು ಮಾತಿನಲ್ಲಿ ಸೋತದ್ದು ನಾನು ನೋಡಿದ್ದು ಅದೊಂದೇ ಸಲ. ಆದರೂ ಮಾತು ಬದಲಿಸಲಿಲ್ಲ. ಆ ಸಂಜೆಯೇ ಅವರ ಅಣ್ಣ ಹಲಗೆಯನ್ನು ಇಳಿಸಿ ಗೋಡೆಗೆ ಮಲಗಿಸಿಬಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಚಾಚಾ ಒಂಟಿ ಕಾಲಿನ ಮೇಲೆ ಭಾರ ಹಾಕಿ ಅದನ್ನು ಮತ್ತೆ ಅಟ್ಟಕ್ಕೆ ಒರಗಿಸುತ್ತಿದ್ದರು. ಕಲಿಯಲು ಮಾತ್ರ ಯಾರೂ ಬರಲಿಲ್ಲ.

ಕ್ಯಾಪ್ಟನ್ ಕರೆಸಿದ ದಿನ ಬಂತು. ತಮ್ಮನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಜೊತೆಗೆ ಅಕ್ಕನನ್ನು ಕರೆತರುತ್ತೇನೆ ಎಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದ. ಚಾಚಾ ತಾವೂ ಬರುವುದಾಗಿ ಹೊರಟರು. ಮದುವೆಯಾಗದ ಹೆಣ್ಣು ಮದ್ರಾಸಿಗೆ ಹೋಗುವುದಕ್ಕೆ ಅಮ್ಮ ಒಪ್ಪುತ್ತಾಳೋ ಇಲ್ಲವೋ ಎಂದುಕೊಂಡಿದ್ದೆ. ಅಮ್ಮ ಬೆಳಿಗ್ಗೆ ಎದ್ದು ಬುತ್ತಿ ಕಟ್ಟುತ್ತಿದ್ದಳು. ಮೂರು ಗಂಟುಗಳಿದ್ದವು. "ಸಾಬ್ರಿಗೆ ಖಾರ ಕಮ್ಮಿ ಹಾಕಿದೀನಿ" ಎಂದಳು. ಅಷ್ಟೇ ಅವಳ ಒಪ್ಪಿಗೆ.

ಚಿಕ್ಕ ರೈಲಿನಲ್ಲಿ ಚಿಂತಾಮಣಿ, ಕೋಲಾರ ದಾಟಿ ಬಂಗಾರಪೇಟೆಯಲ್ಲಿ ಇಳಿದು ಮದ್ರಾಸಿನ ರೈಲು ಹಿಡಿದೆವು. ದಾರಿಯಲ್ಲಿ ಚಾಚಾ ತಮ್ಮನಿಗೆ ಹೀಗೆ ಹೇಳು ಹಾಗೆ ಹೇಳು ಎಂದು ಒಂದು ಮಾತೂ ಹೇಳಿಕೊಡಲಿಲ್ಲ. ಕಿಟಕಿಯಲ್ಲಿ ಕೂತು ಹಾದುಹೋಗುವ ಬಂಡೆಗಳನ್ನು ನೋಡುತ್ತಿದ್ದರು. ನಾನೇ ತಡೆಯಲಾರದೆ ಕೇಳಿದೆ. "ಆ ಪೆಟ್ಟಿಗೇಲಿ ಏನಿತ್ತು ಅಂತೀರಾ ಚಾಚಾ?"

"ಏನಿದ್ರೂ ಅಷ್ಟೇ. ಸೀರೆ ಇದ್ರೂ ಅಷ್ಟೇ, ಸಿಡಿಮದ್ದು ಇದ್ರೂ ಅಷ್ಟೇ. ತೆಗೆದು ತೋರಿಸ್ಲಿಲ್ಲ, ಮುಗೀತು."

ಬಂದರಿನ ಎದುರಿಗೇ ಹಡಗಿನವರ ಕಚೇರಿ. ಬಾಗಿಲಿನಲ್ಲಿ ನಿಂತಿದ್ದ ಕಾವಲಿನವನು ವಯಸ್ಸಾದ ತಮಿಳರವನು. ತಮ್ಮನ ಹೆಸರು, ನನ್ನ ಹೆಸರು ಅವನಿಗೆ ತಿಳಿಸಿದ್ದರು. ಚಾಚಾ ಅವರ ಹೆಸರು ತಿಳಿಸಿರಲಿಲ್ಲ. ಅವನು ಕೈ ಅಡ್ಡ ಇಟ್ಟ. ನನಗೆ ಸಿಟ್ಟು ಬಂತು. ಇವರು ಯಾರು ಗೊತ್ತೇನು, ಈ ಕಚೇರಿ ಹುಟ್ಟುವ ಮುಂಚೆ ಹಡಗು ಹತ್ತಿದವರು ಎಂದು ಏನೇನೋ ಹೇಳತೊಡಗಿದೆ. ಚಾಚಾ ನನ್ನ ಮಾತು ತಡೆದರು. ಅವರ ಮುಖದಲ್ಲಿ ಬೇಸರವಿರಲಿಲ್ಲ, ಖುಷಿಯಿತ್ತು. ಆ ಕಾವಲಿನವನ ಭುಜ ತಟ್ಟಿ ಅವನ ಭಾಷೆಯಲ್ಲೇ ಏನೋ ಹೇಳಿ, ಹೊರಗೆ ಮೆಟ್ಟಿಲ ಮೇಲೆ ಕುಂಟುಗಾಲು ನೀಡಿ ಕೂತರು. "ಹೋಗಿ ಬನ್ನಿ. ನಾನಿಲ್ಲೇ ಇರ್ತೀನಿ."

ಒಳಗೆ ಉದ್ದನೆಯ ಮೇಜು. ಕ್ಯಾಪ್ಟನ್, ಏಜೆಂಟರು, ಅವರ ಪಕ್ಕದಲ್ಲಿ ಬಾಮೈದ. ನಮಗೆ ಕೂರಲು ಹೇಳಲಿಲ್ಲ. ಕ್ಯಾಪ್ಟನ್ ಮೊದಲು ಕೇಳಿದ್ದು, ಇವರು ಯಾರೆಂದು ಆ ದಿನ ನಿನಗೆ ಗೊತ್ತಿರಲಿಲ್ಲವೇ ಎಂದು. ನಾನು ತಮ್ಮನಿಗೆ ಹೇಳಿದೆ. ಅವನು ನನ್ನನ್ನು ನೋಡಲಿಲ್ಲ, ಕ್ಯಾಪ್ಟನ್ನರನ್ನೇ ನೋಡಿ ಹೇಳಿದ, "ಗುರುತು ಇತ್ತು ಸರ್. ಪಾಸು ಇರಲಿಲ್ಲ."

ಅದನ್ನು ನಾನು ಅಷ್ಟೇ ಗಟ್ಟಿಯಾಗಿ ಇಂಗ್ಲಿಷಿಗೆ ತಿರುಗಿಸಿದೆ. ಏಜೆಂಟರು ಮೇಜು ಗುದ್ದಿದರು. ರಾಗಿ ಮುದ್ದೆ ತಿಂದು ಬಂದವನು ನಮ್ಮ ಮುಖಕ್ಕೆ ಏಣಿ ಎತ್ತುತ್ತಾನೆ ಎಂದರು. ಕ್ಷಮೆ ಕೇಳುತ್ತಾನೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿಸು ಎಂದು ನನಗೆ ಹೇಳಿದರು. ತಮ್ಮ ಇಲ್ಲವೆಂದು ತಲೆ ಆಡಿಸಿದ. ನಾನು ಅವನ ಮಾತನ್ನಷ್ಟೇ ಹೇಳಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಇವನು ಇವತ್ತು ತಪ್ಪಾಯಿತು ಎಂದರೆ ನಾಳೆ ಆ ಏಣಿಯ ಬಾಯಲ್ಲಿ ನಿಲ್ಲುವವನು ಯಾರನ್ನೂ ಕೇಳುವುದಿಲ್ಲ, ಆಗ ಹತ್ತಿಯ ಮೇಲೆ ಮಲಗುವವರು ನೀವಲ್ಲ, ಇವನಂಥವರು ಎಂದೆ. ಶಾಲೆಯಲ್ಲಿ ಪಾಠ ಹೇಳುವ ದನಿಯಲ್ಲಿಯೇ ಹೇಳಿದೆ. ಬಾಮೈದ ಎದ್ದು ಹೊರಗೆ ಹೋದ.

ಕ್ಯಾಪ್ಟನ್ ಎದುರಿಗಿದ್ದ ಫೈಲು ಮುಚ್ಚಿದರು. ಆಮೇಲೆ ತಮ್ಮನ ಕೆಲಸದಲ್ಲಿ ತಪ್ಪಿಲ್ಲ, ಆದರೆ ಏಜೆಂಟರನ್ನು ಬಿಟ್ಟು ಹಡಗು ನಡೆಸಲು ತನ್ನಿಂದಾಗದು, ಈ ಹಡಗಿನಲ್ಲಿ ಇನ್ನು ಅವನಿಗೆ ಜಾಗವಿಲ್ಲ ಎಂದರು. ಹೇಳುವಾಗ ನಮ್ಮ ಮುಖ ನೋಡಲಿಲ್ಲ.

ಹೊರಗೆ ಬಂದು ಚಾಚಾಗೆ ಹೇಳಿದೆವು. ಅವರು ತಮ್ಮನ ತಲೆಯ ಮೇಲೆ ಕೈಯಿಟ್ಟರು. ಬಿಸಿಲಿನಲ್ಲಿ ಮೂವರೂ ಅಲ್ಲೇ ಮೆಟ್ಟಿಲ ಮೇಲೆ ಕೂತು ಅಮ್ಮ ಕಟ್ಟಿದ್ದ ಬುತ್ತಿ ಬಿಚ್ಚಿದೆವು. ಎದುರಿಗೆ ಗೋಡೆಯಾಚೆ ಹಡಗುಗಳ ಹೊಗೆಕೊಳವೆಗಳು ಕಾಣುತ್ತಿದ್ದವು. ತಮ್ಮ ಅವನ್ನೇ ನೋಡುತ್ತ ಉಂಡ.

ಆಮೇಲೆ ಅವನು ಬೊಂಬಾಯಿಗೆ ಹೋದ. ಅಲ್ಲಿಯ ಬಂದರಿನ ಗೇಟಿನಲ್ಲಿ ಕಾವಲು ಕೆಲಸ ಸಿಕ್ಕಿತು. ನಿವೃತ್ತಿಯವರೆಗೂ ಅದೇ ಗೇಟು. ಹೊಸದಾಗಿ ಬಂದವರಿಗೆ ಕೆಲಸ ಕಲಿಸಲು ಹೇಳುತ್ತಿದ್ದರಂತೆ, ಅದಕ್ಕಿಂತ ಮೇಲಕ್ಕೆ ಹೋಗಲಿಲ್ಲ. ಹಡಗನ್ನು ಮಾತ್ರ ಮತ್ತೆ ಹತ್ತಲಿಲ್ಲ. ಅದು ಅವನಿಗೆ ಆದ ನಷ್ಟವೇ, ನಾನು ಮುಚ್ಚಿಡುವುದಿಲ್ಲ. ಮುರುಗಮಲ್ಲದ ಆ ಅಪ್ಪ ಚಾಚಾ ಬದುಕಿರುವವರೆಗೂ ಅವರ ಜೊತೆ ಮಾತಾಡಲಿಲ್ಲ. ಮಗ ಚಿಂತಾಮಣಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟ. ಆ ಸಿಟ್ಟು ತಪ್ಪೆಂದು ಹೇಳುವ ಹಕ್ಕು ನನಗಿಲ್ಲ.

ಚಾಚಾ ಪಾಠ ನಿಲ್ಲಿಸಲಿಲ್ಲ. ಹಡಗಿಗೆ ಹೋಗುವವರು ಇಲ್ಲವಾದರೆ ಏನಂತೆ ಎಂದು ಅಣ್ಣನ ಮನೆಯಲ್ಲಿ ನೂಲು ತೆಗೆಯುವವರಿಗೇ ಶುರು ಮಾಡಿದರು. ಒಲೆಯ ಕೆಂಡ ಗೂಡಿನ ಚೀಲಕ್ಕೆ ಹಾರಿದರೆ ಯಾರು ಏನು ಮಾಡಬೇಕು, ಮರಳು ಎಲ್ಲಿರಬೇಕು, ಹೆಂಗಸರು ಯಾವ ಬಾಗಿಲಿನಿಂದ ಹೊರಗೆ ಬರಬೇಕು... ಹಿಂದಿನ ಬಾಗಿಲಿಗೆ ಅಣ್ಣ ಬೀಗ ಹಾಕುವ ಅಭ್ಯಾಸವಿತ್ತು, ನೂಲು ಕದ್ದಾರೆಂದು. ಚಾಚಾ ಅದನ್ನು ಸುತ್ತಿಗೆಯಿಂದ ಒಡೆದುಹಾಕಿದರು. "ಕಾವಲು ಬೇಕಾದ್ರೆ ಬಾಗ್ಲಲ್ಲಿ ನಾನು ಕೂರ್ತೀನಿ. ಬೀಗ ಬೇಡ" ಎಂದರು. ಕೂತರು ಕೂಡ. ಕೊನೆಯ ಎರಡು ಮೂರು ವರ್ಷ ನಾನು ಶಾಲೆಗೆ ಹೋಗುವಾಗಲೂ ಬರುವಾಗಲೂ ಅವರು ಆ ಹಿತ್ತಿಲ ಬಾಗಿಲಿನಲ್ಲಿ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದರು. ಅರವತ್ತರ ದಶಕದ ನಡುವಿನಲ್ಲಿ ಒಂದು ರಂಜಾನ್ ತಿಂಗಳಲ್ಲಿ ಜ್ವರ ಬಂದು ಹೋಗಿಬಿಟ್ಟರು. ತಮ್ಮನಿಗೆ ಬೊಂಬಾಯಿಯಿಂದ ಬರುವಷ್ಟು ಹೊತ್ತು ಸಿಗಲಿಲ್ಲ. ಶವ ಎತ್ತಿದಾಗ ನಾವು ಹೆಂಗಸರು ಬೀದಿಯ ಕೊನೆಯವರೆಗೆ ಹೋಗಿ ನಿಂತೆವು.

ಈಗ ಆ ಬೀದಿಯಲ್ಲಿ ನನಗೆ ಗುರುತಿನವರು ಯಾರೂ ಇಲ್ಲ. ಅಮ್ಮ ಇಲ್ಲ. ತಮ್ಮನೂ ಹೋಗಿ ಆರು ವರ್ಷವಾಯಿತು. ಅವನ ಹನ್ನೊಂದನೆಯ ದಿನ ನೆಂಟರೊಬ್ಬರು ಊಟಕ್ಕೆ ಕೂತು, "ಆ ಸಾಬಿಯ ಮಾತು ಕೇಳಿ ಬಾಳು ಹಾಳು ಮಾಡ್ಕೊಂಡ, ಒಂದು ಮಾತು ಬಗ್ಗಿದ್ರೆ ಎಲ್ಲಿರ್ತಿದ್ನೋ" ಎಂದರು. ನಾನು ಬಡಿಸುತ್ತಿದ್ದ ಸೌಟು ಪಾತ್ರೆಯಲ್ಲಿಟ್ಟು ಅವರ ಎಲೆಯ ಮುಂದೆ ನಿಂತೆ.

"ಅವನು ಕೆಟ್ಟಿಲ್ಲ. ಅವನನ್ನ ತೆಗೆದೋರು ಕೆಟ್ಟರು. ಅವರ ಹೆಸರು ಇವತ್ತು ನಿಮಗೆ ಗೊತ್ತಾ?" ಎಂದೆ. ಅವರು ತಲೆ ಬಗ್ಗಿಸಿ ಅನ್ನ ಕಲಸಿಕೊಂಡರು.

ಇದನ್ನೆಲ್ಲ ಕಣ್ಣಾರೆ ಕಂಡವಳು ಈಗ ಉಳಿದಿರುವುದು ನಾನೊಬ್ಬಳೇ. ನನಗೂ ವಯಸ್ಸಾಯಿತು, ಹೆಸರುಗಳು ಮರೆಯುತ್ತವೆ, ಮುಖಗಳು ಮಸುಕಾಗುತ್ತವೆ... ಚಾಚಾ ಅವರ ದನಿ ಕೂಡ ಮೊದಲಿನಷ್ಟು ಸ್ಪಷ್ಟವಾಗಿ ಕೇಳುವುದಿಲ್ಲ. ನಾನು ಹೋದ ಮೇಲೆ ಯಾರು ಏನು ಬೇಕಾದರೂ ಹೇಳಿಕೊಳ್ಳಲಿ. ನಾನಿರುವವರೆಗೆ ಅವರಿಬ್ಬರೂ ಸೋತರು ಎಂಬ ಮಾತನ್ನು ನನ್ನ ಮನೆಯಲ್ಲಿ ಯಾರೂ ಆಡುವ ಹಾಗಿಲ್ಲ.